ತಟ್ಟಿ ನೋಡುವಾಗ ಮಡಕೆ ಒಡೆದರೆ ಹೊಣೆ ಯಾರದು?

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗಿಣ್ಣಿನಿಂದ ಅದನ್ನೊಮ್ಮೆ ತಟ್ಟಿ ನೋಡುವುದು ಹಳೆಯ ರೂಢಿ. ಟಣ್ ಎಂದರೆ ಗಟ್ಟಿ, ದಬ್ ಎಂದರೆ ಎಲ್ಲೋ ಬಿರುಕು. ಹಾಗೆ ತಟ್ಟುತ್ತಿರುವಾಗಲೇ ಮಡಕೆ ಎರಡು ಹೋಳಾಗಿಬಿಟ್ಟರೆ? ‘ನೀವು ಒಡೆದಿರಿ, ದುಡ್ಡು ಕೊಡಿ’ ಎನ್ನುತ್ತಾನೆ ಕುಂಬಾರ. ‘ಅದು ಮೊದಲೇ ಬಿರುಕು ಬಿಟ್ಟಿತ್ತು, ನಾನು ಮುಟ್ಟಿದ್ದಷ್ಟೇ’ ಎನ್ನುತ್ತಾರೆ ಗಿರಾಕಿ. ಇಬ್ಬರ ಮಾತಿನಲ್ಲೂ ಹುರುಳಿರಬಹುದು. ಆದರೆ ಒಡೆದ ಮೇಲೆ ಹಳೆಯ ಬಿರುಕು ಯಾವುದು, ಹೊಸ ಪೆಟ್ಟು ಯಾವುದು ಎಂದು ಹೇಳುವುದು ಸುಲಭವಲ್ಲ.

ಮಡಕೆಯ ಜಾಗದಲ್ಲಿ ಒಂದು ಕಾರನ್ನೋ ಟ್ಯಾಕ್ಸಿಯನ್ನೋ ಇಟ್ಟು ನೋಡಿ. ಹೊಗೆ ಪರೀಕ್ಷೆಗೋ ಎಫ್.ಸಿ. ಮಾಡಿಸುವುದಕ್ಕೋ ಹೋದ ವಾಹನ, ಪರೀಕ್ಷೆಯ ನಡುವೆಯೇ ಎಂಜಿನ್ ಕೆಟ್ಟು ನಿಲ್ಲುತ್ತದೆ; ಇಲ್ಲವೇ ಬ್ರೇಕ್ ಪೈಪು ಒಡೆಯುತ್ತದೆ; ಅದೂ ಇಲ್ಲದಿದ್ದರೆ ಹಿಂದೆ ತೆಗೆಯುವಾಗ ಕಂಬಕ್ಕೆ ತಾಗಿ ಬಂಪರ್ ಕಿತ್ತುಬರುತ್ತದೆ. ಮಾಲೀಕ ತಾನಾಗಿ ಇಷ್ಟಪಟ್ಟು ಅಲ್ಲಿಗೆ ಹೋದವನಲ್ಲ. ಹೋಗದಿದ್ದರೆ ದಂಡ ಕಟ್ಟಬೇಕು, ಗಾಡಿ ರಸ್ತೆಗಿಳಿಸುವಂತಿಲ್ಲ. ಕಾನೂನಿನ ಒತ್ತಾಯಕ್ಕೆ ಹೋದಲ್ಲಿ ಗಾಡಿ ಕೆಟ್ಟರೆ ರಿಪೇರಿಯ ಖರ್ಚು ಯಾರು ಕೊಡಬೇಕು? ಪರೀಕ್ಷಾ ಕೇಂದ್ರದಲ್ಲಿ ಈ ಪ್ರಶ್ನೆ ಕೇಳಿದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ನಿಮ್ಮ ಗಾಡಿ ಹಳೇದು ಸ್ವಾಮಿ.’

ಈ ಉತ್ತರ ಕೆಲವೊಮ್ಮೆ ನಿಜ. ಆದರೆ ಯಾವಾಗಲೂ ನಿಜವಲ್ಲ. ಎರಡನ್ನೂ ಬೇರ್ಪಡಿಸುವ ದಾರಿ ವಿಜ್ಞಾನದಲ್ಲೂ ಇದೆ, ಕಾನೂನಿನಲ್ಲೂ ಇದೆ. ಆ ದಾರಿ ತಿಳಿದವರು ಕಡಿಮೆ.

ತಪ್ಪಿಸಿಕೊಳ್ಳಲಾಗದ ತಪಾಸಣೆಗಳು

ನಮ್ಮ ದೇಶದಲ್ಲಿ ವಾಹನಗಳಿಗೆ ಕಡ್ಡಾಯ ತಪಾಸಣೆಗಳು ಮುಖ್ಯವಾಗಿ ಮೂರು. ಮೊದಲನೆಯದು ಎಲ್ಲರಿಗೂ ಗೊತ್ತಿರುವ ಹೊಗೆ ಪರೀಕ್ಷೆ. ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದ ಪ್ರಕಾರ, ನೋಂದಣಿಯಾಗಿ ಒಂದು ವರ್ಷ ಕಳೆದ ಪ್ರತಿಯೊಂದು ವಾಹನಕ್ಕೂ ಹೊಗೆ ಪ್ರಮಾಣಪತ್ರ ಇರಬೇಕು. ಭಾರತ್ ಸ್ಟೇಜ್ 4 ಮತ್ತು ಅದಕ್ಕಿಂತ ಹೊಸ ಮಾನದಂಡದ ವಾಹನಗಳಿಗೆ ಅದರ ಆಯುಸ್ಸು ಒಂದು ವರ್ಷ, ಹಳೆಯವುಗಳಿಗೆ ಆರು ತಿಂಗಳು. ಪೆಟ್ರೋಲ್ ಬಂಕಿನ ಮೂಲೆಯಲ್ಲೋ ರಸ್ತೆ ಬದಿಯ ವ್ಯಾನಿನಲ್ಲೋ ಇರುವ, ಸಾರಿಗೆ ಇಲಾಖೆಯಿಂದ ಅಧಿಕಾರ ಪಡೆದ ಖಾಸಗಿ ಕೇಂದ್ರಗಳು ಇದನ್ನು ನಡೆಸುತ್ತವೆ.

ಎರಡನೆಯದು ಟ್ಯಾಕ್ಸಿ, ಆಟೋ, ಲಾರಿ, ಬಸ್ಸುಗಳಿಗೆ ಅನ್ವಯಿಸುವ ಸದೃಢತಾ ಪ್ರಮಾಣಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಎಫ್.ಸಿ. ಮೋಟಾರು ವಾಹನ ಕಾಯ್ದೆ 1988ರ 56ನೇ ಕಲಮು ಇದನ್ನು ಕಡ್ಡಾಯ ಮಾಡಿದೆ. 2018ರ ತಿದ್ದುಪಡಿಯ ನಂತರ ಎಂಟು ವರ್ಷದವರೆಗಿನ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಇದನ್ನು ನವೀಕರಿಸಬೇಕು. ಮೂರನೆಯದು ಸ್ವಂತ ಬಳಕೆಯ ಕಾರಿಗೆ 15 ವರ್ಷ ತುಂಬಿದಾಗ ನೋಂದಣಿ ನವೀಕರಣಕ್ಕೆ ಮುನ್ನ ನಡೆಯುವ ತಪಾಸಣೆ. ಒಮ್ಮೆ ನವೀಕರಿಸಿದರೆ ಅದು ಐದು ವರ್ಷ ನಡೆಯುತ್ತದೆ.

ಎಫ್.ಸಿ. ಎಂದರೆ ಬಹುಕಾಲದವರೆಗೆ ಆರ್.ಟಿ.ಓ. ಮೈದಾನ, ಅಲ್ಲಿ ಸಾಲಾಗಿ ನಿಂತ ಗಾಡಿಗಳು, ಕೈಯಲ್ಲಿ ಫೈಲು ಹಿಡಿದ ‘ಬ್ರೇಕ್ ಇನ್‌ಸ್ಪೆಕ್ಟರ್’ ಎಂದೇ ಅರ್ಥವಿತ್ತು. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಿಗೆ ನಿಯಮ ರೂಪಿಸಿತು. ಕಣ್ಣಂದಾಜಿನ ಬದಲು ಯಂತ್ರಗಳು ಬ್ರೇಕು, ಸಸ್ಪೆನ್ಷನ್, ಹೆಡ್‌ಲೈಟು, ಹೊಗೆ ಮುಂತಾದುವನ್ನು ಅಳೆಯಬೇಕು ಎಂಬುದು ಅದರ ಉದ್ದೇಶ. ಇಂಥ ಕೇಂದ್ರವನ್ನು ಖಾಸಗಿಯವರೂ ನಡೆಸಬಹುದು. ಆದರೆ ಅವರು ಪರೀಕ್ಷೆ ಮಾತ್ರ ಮಾಡಬೇಕು. ರಿಪೇರಿ ಮಾಡುವುದು, ಬಿಡಿಭಾಗ ಮಾರುವುದು ಕೂಡದು. ಪರೀಕ್ಷಿಸುವವನೇ ರಿಪೇರಿಯನ್ನೂ ಮಾಡಿದರೆ ಇಲ್ಲದ ದೋಷ ಹುಟ್ಟಿಕೊಳ್ಳಬಹುದೆಂಬ ಎಚ್ಚರಿಕೆ ಇದರ ಹಿಂದಿದೆ.

ಪರೀಕ್ಷೆ ಎಂದರೆ ಯಂತ್ರಕ್ಕೂ ದುಡಿಮೆ

ವೈದ್ಯರು ನಾಡಿ ಹಿಡಿದಷ್ಟು ಮೃದುವಾಗಿ ವಾಹನದ ತಪಾಸಣೆ ನಡೆಯುವುದಿಲ್ಲ. ಕೆಲವು ಪರೀಕ್ಷೆಗಳು ಯಂತ್ರವನ್ನು ದುಡಿಸಿಯೇ ನೋಡಬೇಕು.

ಪೆಟ್ರೋಲ್ ಕಾರಿನ ಹೊಗೆ ಪರೀಕ್ಷೆಯಲ್ಲಿ ಭಯಕ್ಕೆ ಕಾರಣ ಕಡಿಮೆ. ಎಂಜಿನ್ ಸುಮ್ಮನೆ ಓಡುತ್ತಿರುವಾಗ, ಹೊಸ ಕಾರುಗಳಲ್ಲಿ ಸ್ವಲ್ಪ ವೇಗ ಹೆಚ್ಚಿಸಿ, ಸೈಲೆನ್ಸರ್ ಕೊಳವೆಯೊಳಗೆ ನಳಿಕೆ ಇಟ್ಟು ಅನಿಲವನ್ನು ಅಳೆಯುತ್ತಾರೆ. ಡೀಸೆಲ್ ವಾಹನದ ಕಥೆ ಬೇರೆ. ಗೇರ್ ಹಾಕದೆ, ಅಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಿ, ಎಂಜಿನ್ ತನ್ನ ಗರಿಷ್ಠ ವೇಗಕ್ಕೆ ಏರುವಾಗ ಉಗುಳುವ ಹೊಗೆಯ ದಟ್ಟತೆಯನ್ನು ಅಳೆಯಬೇಕು. ಅದೂ ಒಂದು ಸಲವಲ್ಲ, ಹಲವು ಸಲ.

ಇಲ್ಲಿ ಒಂದು ಸಣ್ಣ ಲೆಕ್ಕ ನೋಡೋಣ. ಎಂಜಿನ್ನಿನೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿನ ಚಲನೆಯಿಂದ ಅದರ ಜೋಡಣೆಗಳ ಮೇಲೆ ಬೀಳುವ ಬಲ, ಎಂಜಿನ್ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸುಮ್ಮನೆ ನಿಂತಾಗ ನಿಮಿಷಕ್ಕೆ 800 ಸುತ್ತು ತಿರುಗುವ ಎಂಜಿನ್ 4,800 ಸುತ್ತಿಗೆ ಏರಿತೆನ್ನಿ. ವೇಗ ಆರು ಪಟ್ಟು ಆಯಿತು. ಆ ಬಲ ಮಾತ್ರ ಆರಲ್ಲ, ಮೂವತ್ತಾರು ಪಟ್ಟು. ಊರೊಳಗೆ ಓಡಾಡುವ ಕಾರು ಇಡೀ ವರ್ಷದಲ್ಲಿ ಒಮ್ಮೆಯೂ ಇಂಥ ವೇಗ ಮುಟ್ಟದೆ ಇರಬಹುದು. ಮುಟ್ಟುವ ಒಂದೇ ದಿನ ಹೊಗೆ ಪರೀಕ್ಷೆಯ ದಿನ!

ಹಲವು ಎಂಜಿನ್ನುಗಳಲ್ಲಿ ಪಿಸ್ಟನ್ ಮತ್ತು ವಾಲ್ವುಗಳ ತಾಳಮೇಳ ಕಾಯುವುದು ಟೈಮಿಂಗ್ ಬೆಲ್ಟ್ ಎಂಬ ರಬ್ಬರಿನ ಪಟ್ಟಿ. ಅದು ಇಂತಿಷ್ಟು ಕಿಲೋಮೀಟರಿಗೆ ಬದಲಾಗಬೇಕೆಂದು ತಯಾರಕರ ಕೈಪಿಡಿಯಲ್ಲಿ ಬರೆದಿರುತ್ತದೆ. ಸವೆದ ಬೆಲ್ಟು ಆ ಗರಿಷ್ಠ ವೇಗದಲ್ಲಿ ತುಂಡಾದರೆ ಪಿಸ್ಟನ್ ಹೋಗಿ ತೆರೆದ ವಾಲ್ವಿಗೆ ಬಡಿಯುತ್ತದೆ. ಆಮೇಲೆ ಉಳಿಯುವುದು ಎಂಜಿನ್ ಬಿಚ್ಚುವ ಕೆಲಸ.

ಬ್ರೇಕ್ ಪರೀಕ್ಷೆಯೂ ಹೀಗೆಯೇ. ಚಕ್ರಗಳನ್ನು ಯಂತ್ರದ ರೋಲರುಗಳ ಮೇಲೆ ನಿಲ್ಲಿಸಿ, ರೋಲರು ನಿಧಾನವಾಗಿ ತಿರುಗುವಾಗ ಬ್ರೇಕನ್ನು ಬಲವಾಗಿ ಒತ್ತುತ್ತಾರೆ. ಒಳಗಿನ ಬ್ರೇಕ್ ಆಯಿಲಿನ ಒತ್ತಡ ಹೆಚ್ಚುತ್ತದೆ. ಕಾರವಾರ, ಮಂಗಳೂರಿನಂಥ ಕಡಲ ದಂಡೆಯ ಊರುಗಳಲ್ಲಿ ಉಪ್ಪುಗಾಳಿಗೆ ತುಕ್ಕು ಹಿಡಿದು ತೆಳುವಾದ ಲೋಹದ ಪೈಪು ಈ ಒತ್ತಡಕ್ಕೆ ಒಡೆಯುವುದು ಅಚ್ಚರಿಯಲ್ಲ. ಇನ್ನು ನಾಲ್ಕೂ ಚಕ್ರಕ್ಕೆ ಸದಾ ಎಂಜಿನ್ ಬಲ ಹಾಯುವ ವಾಹನಗಳಿವೆ. ಅವುಗಳ ಎರಡೇ ಚಕ್ರಗಳನ್ನು ರೋಲರಿನ ಮೇಲೆ ತಿರುಗಿಸಿದರೆ ಒಳಗಿನ ಗೇರು ಜೋಡಣೆಗೆ ಪೆಟ್ಟು ಬೀಳಬಹುದು. ಅಂಥ ವಾಹನವನ್ನು ಬೇರೆ ವಿಧಾನದಲ್ಲಿ ಪರೀಕ್ಷಿಸಬೇಕು.

ಕೆಡಿಸಿತೇ, ತೋರಿಸಿತೇ?

ಈಗ ಮಡಕೆಯ ಪ್ರಶ್ನೆಗೆ ಉತ್ತರ ಹುಡುಕಬಹುದು. ಪರೀಕ್ಷೆಯಲ್ಲಿ ಕಾಣಿಸಿಕೊಂಡ ಕೇಡು ಎರಡು ಬಗೆಯದು. ಒಂದು, ಮೊದಲೇ ಇದ್ದುದನ್ನು ಪರೀಕ್ಷೆ ಬಯಲಿಗೆಳೆದದ್ದು. ಇನ್ನೊಂದು, ಪರೀಕ್ಷಕನ ಅಜಾಗರೂಕತೆಯಿಂದ ಹೊಸದಾಗಿ ಹುಟ್ಟಿದ್ದು.

ತುಕ್ಕು ಹಿಡಿದ ಬ್ರೇಕ್ ಪೈಪು ರೋಲರಿನ ಮೇಲೆ ಒಡೆದರೆ ಪರೀಕ್ಷೆ ತನ್ನ ಕೆಲಸ ಮಾಡಿತೆಂದೇ ತಿಳಿಯಬೇಕು. ಅದೇ ಪೈಪು ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಒಡೆದಿದ್ದರೆ? ಇಂಥಲ್ಲಿ ಪರಿಹಾರ ಕೇಳುವುದಕ್ಕಿಂತ ದೇವರಿಗೆ ಕೈಮುಗಿಯುವುದು ಮೇಲು. ಬದಲಾಯಿಸುವ ಅವಧಿ ಮೀರಿ ಎಷ್ಟೋ ಸಾವಿರ ಕಿಲೋಮೀಟರು ಓಡಿದ ಬೆಲ್ಟು ತುಂಡಾದಾಗಲೂ ಮಾಲೀಕನ ವಾದ ದುರ್ಬಲ.

ಆದರೆ ಇದರ ಇನ್ನೊಂದು ಮುಖ ನೋಡಿ. ಡೀಸೆಲ್ ಎಂಜಿನ್ನನ್ನು ಹೊಗೆ ಪರೀಕ್ಷೆಗೆ ಮೊದಲು ಚೆನ್ನಾಗಿ ಬಿಸಿ ಮಾಡಬೇಕು. ತಣ್ಣನೆಯ ಆಯಿಲ್ ಮಂದವಾಗಿರುವುದರಿಂದ ಎಲ್ಲ ಭಾಗಗಳಿಗೂ ಸರಿಯಾಗಿ ತಲುಪಿರುವುದಿಲ್ಲ. ಬೆಳಗಿನ ಚಳಿಯಲ್ಲಿ ಬಂದು ಒಂದು ಗಂಟೆ ಸಾಲಿನಲ್ಲಿ ನಿಂತು ಆರಿದ ಎಂಜಿನ್ನನ್ನು ಚಾಲೂ ಮಾಡಿದೊಡನೆ ಗರಿಷ್ಠ ವೇಗಕ್ಕೆ ಏರಿಸಿದರೆ ಅದು ಪರೀಕ್ಷೆಯಲ್ಲ, ಹಿಂಸೆ. ಆಯಿಲ್ ದೀಪ ಉರಿಯುತ್ತಿದ್ದರೂ, ಕಟಕಟ ಸದ್ದು ಕೇಳುತ್ತಿದ್ದರೂ ಅಕ್ಸಿಲರೇಟರ್ ಬಿಡದವನು ಜಾಗರೂಕ ಪರೀಕ್ಷಕನಲ್ಲ. ಜ್ಯಾಕನ್ನು ಇಡಬಾರದ ಕಡೆ ಇಟ್ಟು ತಳ ತಗ್ಗು ಮಾಡಿದರೆ, ಹಿಂದೆ ತೆಗೆಯುವಾಗ ಗೋಡೆಗೆ ಗುದ್ದಿದರೆ, ಅಲ್ಲಿ ‘ಗಾಡಿ ಹಳೇದು’ ಎಂಬ ಮಾತಿಗೆ ಎಡೆಯೇ ಇಲ್ಲ. ಹಳೆಯ ಗಾಡಿ ತಾನಾಗಿ ಹೋಗಿ ಗೋಡೆಗೆ ಗುದ್ದುವುದಿಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಪರೀಕ್ಷೆಯಲ್ಲಿ ಕೆಟ್ಟಿತೇ?’ ಎಂಬುದಲ್ಲ. ‘ಪರೀಕ್ಷೆಯನ್ನು ಮಾಡಬೇಕಾದ ಕ್ರಮದಲ್ಲಿ ಮಾಡಿದ್ದರೂ ಕೆಡುತ್ತಿತ್ತೇ?’ ಎಂಬುದು. ಕೆಡುತ್ತಿತ್ತು ಎಂದಾದರೆ ಹೊಣೆ ಮಾಲೀಕನದು. ಇಲ್ಲವಾದರೆ ಪರೀಕ್ಷಕನದು.

ಒಪ್ಪಿಸಿದ ಒಡವೆಯ ಕಾನೂನು

ಅಕ್ಕಸಾಲಿಗೆ ಕೊಟ್ಟ ಬಳೆ, ದರ್ಜಿಗೆ ಕೊಟ್ಟ ಬಟ್ಟೆ, ಗ್ಯಾರೇಜಿಗೆ ಬಿಟ್ಟ ಸ್ಕೂಟರು, ಇವೆಲ್ಲ ನಮ್ಮವೇ. ಒಂದು ಕೆಲಸಕ್ಕಾಗಿ ಇನ್ನೊಬ್ಬರ ವಶದಲ್ಲಿ ಇರುತ್ತವೆ ಅಷ್ಟೇ. ಇದನ್ನು ಭಾರತೀಯ ಕರಾರು ಕಾಯ್ದೆ 1872ರಲ್ಲಿ ಬೇಲ್‌ಮೆಂಟ್ ಎನ್ನುತ್ತಾರೆ. ಅದರ 151ನೇ ಕಲಮು ಹೇಳುವ ಮಾತು ಅಜ್ಜಿ ಹೇಳುವ ಬುದ್ಧಿವಾದದಂತಿದೆ: ಸಾಧಾರಣ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನವಾಗಿ ನೋಡಿಕೊಳ್ಳುತ್ತಾನೋ, ಒಪ್ಪಿಸಿಕೊಂಡ ವಸ್ತುವನ್ನೂ ಅಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕು. ಅಷ್ಟು ಜೋಪಾನ ಮಾಡಿಯೂ ಹಾಳಾದರೆ ಅವನು ಹೊಣೆಯಲ್ಲ ಎನ್ನುತ್ತದೆ 152ನೇ ಕಲಮು.

ಇದರಲ್ಲಿ ಮಾಲೀಕನಿಗೆ ಒಂದು ದೊಡ್ಡ ಅನುಕೂಲವಿದೆ. ಸರಿಯಾಗಿದ್ದ ವಸ್ತು ಇನ್ನೊಬ್ಬರ ವಶದಲ್ಲಿ ಕೆಟ್ಟಿತೆಂದು ತೋರಿಸಿದರೆ, ತಾನು ಜೋಪಾನ ಮಾಡಿದ್ದೆನೆಂದು ತೋರಿಸುವ ಭಾರ ವಶದಲ್ಲಿಟ್ಟುಕೊಂಡವನ ಮೇಲೆ ಬೀಳುತ್ತದೆ. ಆದರೆ ‘ಸರಿಯಾಗಿದ್ದ’ ಮತ್ತು ‘ವಶ’ ಎಂಬ ಎರಡು ಮಾತುಗಳಿಗೆ ಮಾಲೀಕ ಪುರಾವೆ ಒದಗಿಸಬೇಕು.

ವಶ ಎಂಬ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. ಅನೇಕ ಕಡೆ ಸಿಬ್ಬಂದಿ ಸ್ಟಿಯರಿಂಗ್ ಮುಟ್ಟುವುದೇ ಇಲ್ಲ. ‘ನೀವೇ ರೇಸ್ ಮಾಡಿ’ ಎಂದು ಮಾಲೀಕನಿಗೇ ಹೇಳುತ್ತಾರೆ. ಆಗ ಗಾಡಿ ಮಾಲೀಕನ ವಶದಲ್ಲೇ ಉಳಿಯಿತು. ಒಪ್ಪಿಸಿದ ವಸ್ತುವಿನ ವಾದ ಅಲ್ಲಿ ನಿಲ್ಲುವುದಿಲ್ಲ. ಸೂಚನೆಯೇ ತಪ್ಪಾಗಿತ್ತು ಎಂದು ವಾದಿಸಬಹುದಾದರೂ ರುಜುವಾತಿನ ಭಾರವೆಲ್ಲ ಮಾಲೀಕನದಾಗುತ್ತದೆ. ಬೀಗದ ಕೈ ಯಾರ ಕೈಯಲ್ಲಿತ್ತು, ಪೆಡಲಿನ ಮೇಲೆ ಯಾರ ಕಾಲಿತ್ತು ಎಂಬುದು ಆದ್ದರಿಂದ ಸಣ್ಣ ವಿಷಯವಲ್ಲ.

‘ವಾಹನಕ್ಕೆ ಆಗುವ ಹಾನಿಗೆ ನಾವು ಜವಾಬ್ದಾರರಲ್ಲ’ ಎಂಬ ಫಲಕವನ್ನು ಕಂಡು ಎಷ್ಟೋ ಮಂದಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಫಲಕ ತೂಗುಹಾಕಿದ ಮಾತ್ರಕ್ಕೆ ನಿರ್ಲಕ್ಷ್ಯದ ಹೊಣೆ ತಾನಾಗಿ ಕಳಚಿಬೀಳುವುದಿಲ್ಲ.

ಪರೀಕ್ಷೆ ನಡೆಸಿದ್ದು ಖಾಸಗಿ ಕೇಂದ್ರವಾದರೆ, ಶುಲ್ಕ ಪಡೆದು ಸೇವೆ ಕೊಟ್ಟ ವ್ಯಾಪಾರಿಯೆಂದು ಅದರ ವಿರುದ್ಧ ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವ ವಾದಕ್ಕೆ ಬಲವಿದೆ. ಗ್ರಾಹಕ ರಕ್ಷಣಾ ಕಾಯ್ದೆ 2019 ಜಾರಿಗೆ ಬಂದದ್ದು 2020ರ ಜುಲೈ 20ರಂದು. ಅದರ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಯಾವ ಆಯೋಗ ಎಂಬುದನ್ನು ಈಗ ನಿರ್ಧರಿಸುವುದು ಕೇಳುವ ಪರಿಹಾರದ ಮೊತ್ತವಲ್ಲ, ಸೇವೆಗೆ ಕೊಟ್ಟ ಹಣ. ಪರೀಕ್ಷಾ ಶುಲ್ಕ ಅಲ್ಪವಾದ್ದರಿಂದ ಜಿಲ್ಲಾ ಆಯೋಗವೇ ಸಾಕು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ವಕೀಲರು ಕಡ್ಡಾಯವಲ್ಲ. ಅವಧಿ ಎರಡು ವರ್ಷ.

ಟ್ಯಾಕ್ಸಿಯವರು ಒಂದು ಮಾತು ನೆನಪಿಡಬೇಕು. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವನು ಗ್ರಾಹಕನಲ್ಲ ಎಂದು ಎದುರುಪಕ್ಷ ವಾದಿಸಬಹುದು. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವವನಿಗೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಒಂದೇ ಕಾರಿಟ್ಟುಕೊಂಡು ತಾನೇ ಓಡಿಸಿ ಮನೆ ಸಾಗಿಸುವವನು ಗ್ರಾಹಕನೇ. ಹತ್ತು ಕಾರಿಗೆ ಚಾಲಕರನ್ನಿಟ್ಟ ಸಂಸ್ಥೆಯ ವಿಷಯ ಬೇರೆ.

ಸರ್ಕಾರವೇ ಪರೀಕ್ಷಕನಾದಾಗ

ಆರ್.ಟಿ.ಓ. ಅಧಿಕಾರಿಯೇ ಪರೀಕ್ಷೆ ನಡೆಸಿದ್ದರೆ ದಾರಿ ಸ್ವಲ್ಪ ಕಡಿದು. ದಸ್ತಾವೇಜು ನೋಂದಾಯಿಸಲು ಹೋದವನು ಉಪನೋಂದಣಾಧಿಕಾರಿಯ ‘ಗ್ರಾಹಕ’ನಲ್ಲ, ಅಧಿಕಾರಿ ಮಾಡುತ್ತಿರುವುದು ಶಾಸನಬದ್ಧ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಎಸ್.ಪಿ. ಗೋಯಲ್ ಪ್ರಕರಣದಲ್ಲಿ ಹೇಳಿತು. ಅದೇ ತರ್ಕವನ್ನು ವಾಹನ ತಪಾಸಣೆಗೂ ಅನ್ವಯಿಸಿ ಗ್ರಾಹಕ ಆಯೋಗ ದೂರನ್ನು ಹಿಂದಿರುಗಿಸಬಹುದು.

ಹಾಗೆಂದು ಸರ್ಕಾರಕ್ಕೆ ಹೊಣೆಯೇ ಇಲ್ಲವೆಂದಲ್ಲ. 1947ರಲ್ಲಿ ಜುನಾಗಢದ ಸುಂಕದ ಅಧಿಕಾರಿಗಳು ಒಬ್ಬರ ಎರಡು ಟ್ರಕ್ಕು ಮತ್ತು ಒಂದು ಸ್ಟೇಷನ್ ವ್ಯಾಗನ್ ವಶಪಡಿಸಿಕೊಂಡರು. ಕಾಯುವವರಿಲ್ಲದೆ ಅವುಗಳ ಮುಖ್ಯ ಭಾಗಗಳೆಲ್ಲ ಕಳುವಾಗಿ ಅಸ್ಥಿಪಂಜರ ಉಳಿಯಿತೆಂಬುದು ಮಾಲೀಕರ ದೂರು. ಕೊನೆಗೆ ವಾರಸುದಾರರಿಲ್ಲದ ಮಾಲೆಂದು ಅವು ಮಾರಾಟವೂ ಆದವು. ಆಮೇಲೆ ಜಪ್ತಿಯೇ ರದ್ದಾಯಿತು. ನಮಗೂ ಮಾಲೀಕರಿಗೂ ಕರಾರೇ ಇರಲಿಲ್ಲ ಎಂದು ಸರ್ಕಾರ ವಾದಿಸಿತು. 1967ರಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪಲಿಲ್ಲ. ಕರಾರು ಇಲ್ಲದಿದ್ದರೂ ವಶಕ್ಕೆ ತೆಗೆದುಕೊಂಡವನು ಜೋಪಾನ ಮಾಡಲೇಬೇಕು, ವಸ್ತು ಹಿಂದಿರುಗಿಸಬೇಕು ಇಲ್ಲವೇ ಬೆಲೆ ಕೊಡಬೇಕು ಎಂದಿತು.

ನಮ್ಮ ನಾಡಿನದೇ ಇನ್ನೊಂದು ಉದಾಹರಣೆ ಬಸವ್ವ ಎಂಬ ಮಹಿಳೆ ಮೈಸೂರು ರಾಜ್ಯದ ವಿರುದ್ಧ ನಡೆಸಿದ ಮೊಕದ್ದಮೆ. ಕಳುವಾಗಿ ಪೊಲೀಸರಿಗೆ ಸಿಕ್ಕಿದ ಅವರ ಒಡವೆಗಳು ಪೊಲೀಸರ ವಶದಲ್ಲೇ ಮತ್ತೆ ಕಳೆದುಹೋದವು. 1977ರಲ್ಲಿ ಸುಪ್ರೀಂ ಕೋರ್ಟ್ ಅವುಗಳ ಬೆಲೆಯನ್ನು ಸರ್ಕಾರವೇ ಕೊಡಬೇಕೆಂದು ಆದೇಶಿಸಿತು. ಇವೆರಡೂ ತಪಾಸಣೆಯ ಪ್ರಕರಣಗಳಲ್ಲ, ನಿಜ. ಆದರೆ ಸರ್ಕಾರದ ವಶದಲ್ಲಿರುವ ನಮ್ಮ ವಸ್ತು ಅನಾಥವಲ್ಲ ಎಂಬ ತತ್ತ್ವ ಎರಡರಲ್ಲೂ ಇದೆ. ನೌಕರರ ನಿರ್ಲಕ್ಷ್ಯಕ್ಕೆ ಸರ್ಕಾರವೂ ಹೊಣೆಯಾಗಬಹುದೆಂದು 1962ರ ವಿದ್ಯಾವತಿ ಪ್ರಕರಣದಲ್ಲಿ, ಜಪ್ತಿಯಾದ ಸರಕು ಹಾಳಾದ 1994ರ ನಾಗೇಂದ್ರ ರಾವ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿದೆ. ನಡುವೆ ಕಸ್ತೂರಿ ಲಾಲ್ ಪ್ರಕರಣದಲ್ಲಿ ಇದಕ್ಕೆ ವಿರುದ್ಧವಾದ ತೀರ್ಪೂ ಬಂದಿತ್ತೆಂಬುದನ್ನು ಮರೆಯುವಂತಿಲ್ಲ.

ಸರ್ಕಾರದ ವಿರುದ್ಧ ಸಿವಿಲ್ ದಾವೆಗೆ ಮುಂಚೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟೀಸು ಕೊಡಬೇಕು. ಶಾಸನದ ಅನುಸಾರ ಮಾಡಿದೆವೆನ್ನುವ ಕೃತ್ಯಕ್ಕೆ ಪರಿಹಾರ ಕೇಳಲು ಕಾಲಮಿತಿ ಕಾಯ್ದೆ ಕೊಟ್ಟಿರುವ ಅವಧಿ ಒಂದೇ ವರ್ಷ. ‘ಮುಂದಿನ ವರ್ಷ ನೋಡೋಣ’ ಎಂದವರಿಗೆ ಬಾಗಿಲು ಮುಚ್ಚಿರಬಹುದು.

ಬ್ರಿಟನ್ನಿನ ಅನುಭವ

ಕಾರು ತಪಾಸಣೆಯಲ್ಲಿ ಬಹುಕಾಲದ ಅನುಭವವಿರುವ ದೇಶ ಬ್ರಿಟನ್. ಅಲ್ಲಿ ಎಂ.ಓ.ಟಿ. ಎಂದೇ ಹೆಸರಾದ ಪರೀಕ್ಷೆ 1960ರಲ್ಲಿ ಹತ್ತು ವರ್ಷ ದಾಟಿದ ವಾಹನಗಳಿಗೆ ಶುರುವಾಯಿತು. 1967ರಲ್ಲಿ ಆ ಮಿತಿ ಮೂರು ವರ್ಷಕ್ಕೆ ಇಳಿಯಿತು. ಅಲ್ಲಿ ಬಹುತೇಕ ಪರೀಕ್ಷೆ ನಡೆಸುವವರು ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಗ್ಯಾರೇಜಿನವರು. ಡೀಸೆಲ್ ಎಂಜಿನ್ನನ್ನು ಒಮ್ಮೆಲೇ ಗರಿಷ್ಠ ವೇಗಕ್ಕೆ ಒಯ್ಯುವ ಮೊದಲು ಆಯಿಲ್ ನೋಡಬೇಕು, ವೇಗವನ್ನು ನಿಧಾನವಾಗಿ ಏರಿಸಿ ಅಸಹಜ ಸದ್ದಿದೆಯೇ ಎಂದು ಕಿವಿಗೊಡಬೇಕು, ಅನುಮಾನ ಬಂದರೆ ಪರೀಕ್ಷೆಯನ್ನು ನಿರಾಕರಿಸಬಹುದು ಎಂದು ಅಲ್ಲಿನ ಕೈಪಿಡಿ ಹೇಳುತ್ತದೆ. ಹೀಗಾಗಿ ಎಂಜಿನ್ ಕೆಟ್ಟಾಗ ‘ಈ ಹೆಜ್ಜೆಗಳನ್ನು ಇಟ್ಟಿರಾ?’ ಎಂದು ಕೇಳಲು ಮಾಲೀಕನಿಗೆ ಒಂದು ಅಳತೆಗೋಲು ಸಿಗುತ್ತದೆ. ಯುಕ್ತ ಎಚ್ಚರಿಕೆ ವಹಿಸದ ವ್ಯಾಪಾರಿ ಫಲಕ ಹಾಕಿ ಹೊಣೆ ತಪ್ಪಿಸಿಕೊಳ್ಳುವಂತಿಲ್ಲವೆಂದು 2015ರ ಗ್ರಾಹಕ ಹಕ್ಕುಗಳ ಕಾಯ್ದೆ ವಿಧಿಸಿದೆ.

ಅದೇ ದೇಶದ ಉತ್ತರ ಐರ್ಲೆಂಡಿನಲ್ಲಿ ಪರೀಕ್ಷೆ ನಡೆಸುವುದು ಸರ್ಕಾರಿ ಸಂಸ್ಥೆ. 2020ರ ಜನವರಿಯಲ್ಲಿ ಅಲ್ಲಿ ಕಾರುಗಳನ್ನು ಮೇಲೆತ್ತುವ 55 ಯಂತ್ರಗಳ ಪೈಕಿ 48ರಲ್ಲಿ ಬಿರುಕಿನ ಗುರುತು ಕಂಡು, ಕಾರುಗಳ ಪರೀಕ್ಷೆಯನ್ನೇ ನಿಲ್ಲಿಸಬೇಕಾಯಿತು. ಪರೀಕ್ಷಕನ ಉಪಕರಣವೂ ಪರೀಕ್ಷೆಗೆ ಒಳಪಡಬೇಕೆಂಬ ಪಾಠ ಇದರಲ್ಲಿದೆ.

ಮಾಲೀಕ ಮಾಡಬೇಕಾದ್ದು

ಪರಿಹಾರದ ಹೋರಾಟ ಗೆಲ್ಲುವುದು ನ್ಯಾಯಾಲಯದಲ್ಲಲ್ಲ, ಪರೀಕ್ಷಾ ಕೇಂದ್ರದ ಬಾಗಿಲಲ್ಲಿ. ಹೋಗುವ ಮೊದಲೇ ಆಯಿಲ್, ನೀರು, ಬೆಲ್ಟಿನ ಅವಧಿ ನೋಡಿಕೊಂಡಿರಬೇಕು. ಗ್ಯಾರೇಜಿನ ರಸೀದಿಗಳನ್ನು ಎಸೆಯದೆ ಇಡಬೇಕು. ‘ಗಾಡಿ ಸರಿಯಾಗಿತ್ತು’ ಎಂಬುದಕ್ಕೆ ಅವೇ ಸಾಕ್ಷಿ. ಒಳಗೆ ಬಿಡುವ ಮುನ್ನ ಮೊಬೈಲಿನಲ್ಲಿ ಕಾರಿನ ನಾಲ್ಕೂ ಬದಿ, ಡ್ಯಾಷ್‌ಬೋರ್ಡಿನ ದೀಪಗಳು, ಓಡಿದ ಕಿಲೋಮೀಟರು ಇವುಗಳ ಚಿತ್ರ ತೆಗೆದುಕೊಂಡರೆ ಎರಡು ನಿಮಿಷದ ಕೆಲಸ. ವಾಹನ ನಾಲ್ಕು ಚಕ್ರದ ಚಾಲನೆಯದೇ, ಎಂಜಿನ್ ಇತ್ತೀಚೆಗೆ ಬಿಚ್ಚಿದ್ದೇ ಎಂಬುದನ್ನು ಪರೀಕ್ಷಕನಿಗೆ ಬಾಯಿಬಿಟ್ಟು ಹೇಳಬೇಕು. ಮುಚ್ಚಿಟ್ಟರೆ ಮಾಲೀಕನ ಮೇಲೇ ಅದು ತಿರುಗುತ್ತದೆ.

ಕೆಟ್ಟದ್ದು ತಿಳಿದೊಡನೆ ಜಗಳಕ್ಕಿಂತ ಕಾಗದ ಮೇಲು. ದಿನಾಂಕ, ವೇಳೆ, ಪೆಡಲು ಒತ್ತಿದವರು ಯಾರು, ಏನು ಸದ್ದಾಯಿತು ಎಂಬುದನ್ನು ಅಲ್ಲೇ ಬರೆದುಕೊಟ್ಟು, ನಕಲಿಗೆ ಸ್ವೀಕೃತಿ ಪಡೆಯಬೇಕು. ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು. ಸಿಸಿಟಿವಿ ಇದ್ದರೆ ಆ ದೃಶ್ಯವನ್ನು ಅಳಿಸದೆ ಇಡುವಂತೆ ಅದರಲ್ಲೇ ಕೇಳಬೇಕು. ಆತುರದಲ್ಲಿ ರಿಪೇರಿ ಮಾಡಿಸಿಬಿಟ್ಟರೆ ಪುರಾವೆಯೂ ಹಳೆಯ ಸಾಮಾನಿನ ಜೊತೆ ಗುಜರಿ ಸೇರುತ್ತದೆ. ಮೊದಲು ಎದುರುಪಕ್ಷಕ್ಕೆ ಬಂದು ನೋಡಲು ಅವಕಾಶ ಕೊಟ್ಟು, ಸಂಬಂಧವಿಲ್ಲದ ಬೇರೊಬ್ಬ ತಜ್ಞರಿಂದ, ಅಧಿಕೃತ ಸರ್ವಿಸ್ ಕೇಂದ್ರದಿಂದಲೋ ಪರವಾನಗಿ ಪಡೆದ ಸರ್ವೇಯರಿಂದಲೋ, ಕಾರಣ ಬರೆದ ವರದಿ ಪಡೆಯಬೇಕು. ತುಂಡಾದ ಬೆಲ್ಟು, ಒಡೆದ ಪೈಪು ಚೀಲದಲ್ಲಿ ಭದ್ರವಾಗಿರಲಿ. ಲೋಹದ ಮುರಿದ ಅಂಚಿನಲ್ಲಿ ಹಳೆಯ ತುಕ್ಕಿದೆಯೇ, ಹೊಸ ಹೊಳಪಿದೆಯೇ ಎಂಬುದು ತಿಳಿದವರ ಕಣ್ಣಿಗೆ ಕಾಣುತ್ತದೆ.

ಕೇಳುವ ಮೊತ್ತದಲ್ಲಿ ಮಿತಿಯಿರಲಿ. ಹತ್ತು ವರ್ಷದ ಎಂಜಿನ್ನಿಗೆ ಹೊಸ ಎಂಜಿನ್ನಿನ ಬೆಲೆ ಕೇಳಿದರೆ ಸವಕಳಿ ಕಳೆಯುತ್ತಾರೆ. ರಿಪೇರಿ ಖರ್ಚು, ಎಳೆದೊಯ್ದ ಬಾಡಿಗೆ, ಟ್ಯಾಕ್ಸಿಯಾದರೆ ನಿಂತ ದಿನಗಳ ದುಡಿಮೆ ಇವಿಷ್ಟನ್ನು ದಾಖಲೆ ಸಮೇತ ಕೇಳಿದರೆ ಕೇಳುವವರಿಗೆ ನಂಬಿಕೆ ಬರುತ್ತದೆ. ಪರೀಕ್ಷೆಯ ಫಲಿತಾಂಶದ ವಿರುದ್ಧದ ಮೇಲ್ಮನವಿ ಬೇರೆ, ಹಾನಿಯ ಪರಿಹಾರ ಬೇರೆ ಎಂಬುದನ್ನೂ ಮರೆಯಬಾರದು. ಮೊದಲನೆಯದು ಗೆದ್ದರೆ ಪ್ರಮಾಣಪತ್ರ ಸಿಗುತ್ತದೆಯೇ ಹೊರತು ರಿಪೇರಿ ಹಣವಲ್ಲ.

ವಿಮೆಯ ದಾರಿ ಅರ್ಧ ಮಾತ್ರ ತೆರೆದಿದೆ. ಕಂಬಕ್ಕೆ ಗುದ್ದಿದ್ದು ಅಪಘಾತ. ಸ್ವಂತ ಹಾನಿಯ ಪಾಲಿಸಿ ಇದ್ದವರು ಕೇಳಬಹುದು, ಆದರೆ ಕ್ಲೇಮ್ ಮಾಡದ ವರ್ಷಗಳ ರಿಯಾಯಿತಿ ಹೋಗುತ್ತದೆ. ಎಂಜಿನ್ ಒಳಗಿನ ಯಾಂತ್ರಿಕ ಕೇಡು, ಸವಕಳಿ ಇವನ್ನು ಮಾಮೂಲಿ ಪಾಲಿಸಿ ಹೊರಗಿಟ್ಟಿದೆ.

ಒಂದು ಹಾಳೆ ಸಾಕು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಟ್ಯಾಕ್ಸಿ ಮಾಲೀಕನಿಗೆ ಅಕ್ಷರಶಃ ಒಪ್ಪುತ್ತದೆ. ಸಾಲದ ಕಂತು ಕಟ್ಟಿ ಕಟ್ಟಿ ತನ್ನದು ಮಾಡಿಕೊಂಡ ಗಾಡಿ ಒಂದು ನಿಮಿಷದಲ್ಲಿ ಮೂಲೆ ಸೇರಿದರೆ, ಅವನ ಮನೆಯ ಒಲೆಯೂ ತಣ್ಣಗಾಗುತ್ತದೆ. ಹಾಗೆಂದು ಪರೀಕ್ಷೆಯೇ ಬೇಡವೆನ್ನಲಾಗದು. ಹೊಗೆ ಕುಡಿಯುವವರೂ ಬ್ರೇಕಿಲ್ಲದ ಲಾರಿಗೆ ಸಿಕ್ಕುವವರೂ ನಾವೇ.

ಬೇಕಾದ್ದು ದೊಡ್ಡ ಕಾನೂನಲ್ಲ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯ ಸ್ಥಿತಿ ಬರೆದುಕೊಳ್ಳುವಂತೆ, ಪ್ರತಿ ಪರೀಕ್ಷಾ ಕೇಂದ್ರದಲ್ಲೂ ವಾಹನ ಒಳಗೆ ಬರುವಾಗ ಒಂದು ಹಾಳೆ ತುಂಬಿಸುವ ಕ್ರಮ ಬರಲಿ. ಆಯಿಲ್ ಎಷ್ಟಿದೆ, ಎಂಜಿನ್ ಬಿಸಿಯಾಗಿದೆಯೇ, ಬೆಲ್ಟು ಬದಲಿಸಿದ್ದು ಯಾವಾಗ, ಹೊರಗೆ ಎಲ್ಲೆಲ್ಲಿ ಗೀರಿದೆ, ಓಡಿಸುವವರು ಯಾರು; ಕೆಳಗೆ ಇಬ್ಬರ ಸಹಿ. ಇದರಿಂದ ಮಾಲೀಕನಿಗೆ ಎಷ್ಟು ರಕ್ಷಣೆಯೋ ಸುಳ್ಳು ದೂರಿನಿಂದ ಪ್ರಾಮಾಣಿಕ ಪರೀಕ್ಷಕನಿಗೂ ಅಷ್ಟೇ ರಕ್ಷಣೆ. ಸಾರಿಗೆ ಇಲಾಖೆ ಒಂದು ಸುತ್ತೋಲೆಯಲ್ಲಿ ಮಾಡಬಹುದಾದ ಕೆಲಸ ಇದು. ಅಲ್ಲಿಯವರೆಗೆ ಆ ಹಾಳೆಯನ್ನು ಮನೆಯಲ್ಲೇ ಬರೆದುಕೊಂಡು ಹೋಗಿ ಸಹಿ ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.